ಸರ್ವರ್ ಡೌನ್ ಅಣ್ಣಾ: ಕೆಟ್ಟ ಕನೆಕ್ಷನ್ ಕೆಟ್ಟೇ ಇರುವಂತೆ ನೋಡಿಕೊಳ್ಳುವ ಕ್ರಮ

ವೆಬ್‌ಸೈಟ್ ತೆರೆಯುತ್ತಿಲ್ಲ ಎಂದು ಫೋನ್ ಬಂದರೆ ಗಾಬರಿಯಾಗಬೇಡಿ. ಎರಡು ಸಲ ಪೂರ್ತಿ ರಿಂಗ್ ಆಗಿ ನಿಲ್ಲಲಿ. ಮೂರನೇ ಸಲ ತೆಗೆಯಿರಿ. ಆ ಕಡೆಯವರು ಬಾಯಿ ಬಿಡುವ ಮೊದಲೇ "ಗೊತ್ತಣ್ಣಾ, ಅದನ್ನೇ ನೋಡ್ತಾ ಇದೀನಿ" ಎಂದುಬಿಡಿ. ಇಷ್ಟರಿಂದ ಅರ್ಧ ದಿನ ನಿಮ್ಮದಾಯಿತು. ಈಗ ಊಟ ಮಾಡಿ.

ಮಂಡಿಕಲ್‌ನಂಥ ಹೋಬಳಿ ಊರಲ್ಲಿ ಕೂತು ರೈತರ ಕಂಪನಿಗೋ ಹೂವಿನ ಸಂಘಕ್ಕೋ ವೆಬ್‌ಸೈಟ್ ಮಾಡಿಕೊಟ್ಟು, ವರ್ಷಕ್ಕೊಮ್ಮೆ 'ಮೇಂಟೆನೆನ್ಸ್' ಎಂದು ಬಿಲ್ ಕಳಿಸುವ ನಿಮ್ಮಂಥವರಿಗಾಗಿಯೇ ಈ ಪಾಠ. ನಿಮ್ಮ ಸೈಟಿನ ಜಾತಕ ಹೀಗಿದೆ ಎಂದು ಇಟ್ಟುಕೊಳ್ಳೋಣ. ಪುಟಗಳು ಅಗ್ಗದ ಹೋಸ್ಟಿಂಗ್‌ನ ಒಂದು ಯಂತ್ರದಲ್ಲಿವೆ. ಯಾರು ಎಷ್ಟು ಕೆ.ಜಿ. ಸೇವಂತಿಗೆ ತಂದರು, ಅವತ್ತಿನ ರೇಟೆಷ್ಟು, ಯಾರಿಗೆಷ್ಟು ಬಾಕಿ ಎಂಬ ಲೆಕ್ಕವೆಲ್ಲ ಮುಂಬೈಯ ಇನ್ನೊಂದು ಯಂತ್ರದ ಡೇಟಾಬೇಸ್‌ನಲ್ಲಿದೆ. ಹೂವು ಮಾರುವುದು ಚಿಕ್ಕಬಳ್ಳಾಪುರದಲ್ಲಿ, ಲೆಕ್ಕ ಇರುವುದು ಮುಂಬೈಯಲ್ಲಿ. ಹೀಗೇಕೆ ಎಂದು ಯಾರಾದರೂ ಕೇಳಿದರೆ 'ಕ್ಲೌಡ್' ಎನ್ನಿ. ಮಳೆಗೆ ಆಕಾಶ ನೋಡುವ ಜಿಲ್ಲೆಯಲ್ಲಿ ಆ ಶಬ್ದಕ್ಕೆ ಮರ್ಯಾದೆಯಿದೆ.

ಸೈಟಿನ ಪುಟ ಡೇಟಾಬೇಸನ್ನು ತಲುಪುವ ದಾರಿ ನಿಮಗೆ ಗೊತ್ತಿರಲಿ, ಆದರೆ ಆ ಜ್ಞಾನವನ್ನು ಬಳಸಬೇಡಿ. ಮೊದಲು ಡೇಟಾಬೇಸ್ ಯಂತ್ರದ ಹೆಸರು ಐಪಿ ವಿಳಾಸವಾಗಬೇಕು. ಆಮೇಲೆ ಆ ವಿಳಾಸದ ಪೋರ್ಟ್ ಸಿಗಬೇಕು. ಮೈಎಸ್‌ಕ್ಯೂಎಲ್ ಆದರೆ 3306, ಪೋಸ್ಟ್‌ಗ್ರೆಸ್ ಆದರೆ 5432. ಪೋರ್ಟ್ ಸಿಕ್ಕ ಮೇಲೆ, ಈ ಬಳಕೆದಾರ ಈ ಯಂತ್ರದಿಂದ ಬರಬಹುದೇ, ಪಾಸ್‌ವರ್ಡ್ ಸರಿಯೇ ಎಂಬ ತಪಾಸಣೆ. ಎಲ್ಲಿ ನಿಂತಿತು ಎಂದು ಸಾಲಾಗಿ ನೋಡಿಕೊಂಡು ಹೋದರೆ ಹತ್ತು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಹತ್ತು ನಿಮಿಷದ ಕೆಲಸಕ್ಕೆ ಯಾರು ದುಡ್ಡು ಕೊಡುತ್ತಾರೆ? ನೋಡಬೇಡಿ.

ಬದಲಿಗೆ ಮೊದಲ ಮದ್ದು ಪ್ರಯೋಗಿಸಿ. "ಸರ್ವರ್ ಡೌನ್" ಎನ್ನಿ.

ಈ ಎರಡು ಶಬ್ದಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಿಂದೆ ಪಹಣಿ ಕೇಳಲು ಹೋದವನಿಗೆ "ಲೆಕ್ಕಿಗರು ಊರಲ್ಲಿಲ್ಲ", "ಸಾಹೇಬ್ರು ಮೀಟಿಂಗ್‌ಗೆ ಹೋಗಿದ್ದಾರೆ" ಎನ್ನುತ್ತಿದ್ದರು. ಆ ಉತ್ತರಗಳಲ್ಲೊಂದು ದೊಡ್ಡ ದೋಷವಿತ್ತು: ಒಬ್ಬ ಮನುಷ್ಯನ ಕಡೆ ಬೆರಳು ತೋರಿಸುತ್ತಿದ್ದವು. ಸಂಜೆ ಆ ಮನುಷ್ಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿಬೀಳಬಹುದು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರ್ ಸೇರಿದವು. 15 ರೂಪಾಯಿ ಕೊಟ್ಟರೆ ಪ್ರಿಂಟು ಕೈಗೆ ಬರುತ್ತಿತ್ತು. ಆಗ ದತ್ತಾಂಶ ತಾಲ್ಲೂಕು ಕಚೇರಿಯ ಯಂತ್ರದಲ್ಲೇ ಇತ್ತು. ಕೆಟ್ಟರೆ ಕೆಟ್ಟ ಯಂತ್ರ ಕಣ್ಣೆದುರಿಗೇ ಇರುತ್ತಿತ್ತು. ಮುಂದೆ ಅದೆಲ್ಲ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಹೋಯಿತು. ಹೋಬಳಿಗೊಂದು ನಾಡಕಚೇರಿಯಲ್ಲಿ ಉಳಿದದ್ದು ಪರದೆ, ಕೀಲಿಮಣೆ, ಪ್ರಿಂಟರ್ ಮತ್ತು ಒಂದು ತಂತಿ. ಅವತ್ತಿನಿಂದ ತಪ್ಪು ಮಾಡಿದವನು ಯಾರೂ ಬಸ್‌ಸ್ಟ್ಯಾಂಡಿನಲ್ಲಿ ಸಿಗುವುದಿಲ್ಲ.

ಜೂನ್ ತಿಂಗಳಲ್ಲಿ ಮಕ್ಕಳ ಅಡ್ಮಿಷನ್‌ಗೆ ಜಾತಿ, ಆದಾಯ ಪ್ರಮಾಣಪತ್ರಕ್ಕೆಂದು ನಿಂತವರು ಈ ಎರಡು ಶಬ್ದ ಕೇಳಿದ ಕೂಡಲೇ ಮರು ಮಾತಿಲ್ಲದೆ ಚೀಲ ಹೆಗಲಿಗೇರಿಸಿ ಹೊರಡುತ್ತಾರೆ. ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒರೆಸಿಕೊಂಡು ಹಿಂದಿರುಗುವವರೂ ಅಷ್ಟೇ. ಇಷ್ಟು ವರ್ಷ ಸರ್ಕಾರವೇ ಖರ್ಚು ಮಾಡಿ ನಿಮ್ಮ ಗಿರಾಕಿಗಳಿಗೆ ತರಬೇತಿ ಕೊಟ್ಟಿದೆ. ಅದನ್ನು ಪೋಲು ಮಾಡಬೇಡಿ.

ಆದರೆ ಒಂದು ಎಚ್ಚರಿಕೆ. ಹಳಬರು ಕೆಲವರು ತಿರುಗಿ ಕೇಳುತ್ತಾರೆ. ಸಂಘದ ಅಧ್ಯಕ್ಷರ ಜೊತೆ ಮಾತು ಹೀಗೆ ಸಾಗಬಹುದು.

"ಏನಪ್ಪಾ, ಸೈಟು ಓಪನ್ ಆಗ್ತಿಲ್ವಂತೆ?"

"ಸರ್ವರ್ ಡೌನ್ ಅಣ್ಣಾ."

"ಎಲ್ಲೈತೆ ಅದು?"

"ಮುಂಬೈನಾಗೆ."

"ಅಲ್ಲಿ ಯಾರನ್ನಾದ್ರೂ ಕೇಳಿದೆಯಾ, ಡೌನ್ ಆಗೈತಾ ಅಂತ?"

ಇಲ್ಲಿ ತಡವರಿಸಬೇಡಿ. "ಟಿಕೆಟ್ ರೈಸ್ ಮಾಡೀನಿ ಅಣ್ಣಾ" ಎನ್ನಿ. ಅಧ್ಯಕ್ಷರಿಗೆ ಟಿಕೆಟ್ ಎಂದರೆ ಬಸ್ಸಿನದು, ಇಲ್ಲವೇ ಚುನಾವಣೆಯದು. ಎರಡೂ ಕೈಗೆ ಬರುವುದು ತಡ ಎಂದು ಅವರಿಗೆ ಅನುಭವವಿದೆ. ಸುಮ್ಮನಾಗುತ್ತಾರೆ.

ಇನ್ನು ಎರರ್ ಮೆಸೇಜ್. ಇಲ್ಲೇ ಹೊಸಬರು ಎಡವುವುದು, ಓದಿಬಿಡುತ್ತಾರೆ.

ನಿಮ್ಮ ಸೈಟ್ ವರ್ಡ್‌ಪ್ರೆಸ್‌ನದಾಗಿದ್ದರೆ ಪುಣ್ಯವಂತರು. ಡೇಟಾಬೇಸ್ ಕನೆಕ್ಷನ್ ಆಗಲಿಲ್ಲ ಎಂಬ ಒಂದೇ ಸಾಲು ತೋರಿಸಿ ಅದು ಸುಮ್ಮನಿರುತ್ತದೆ. ಪಾಸ್‌ವರ್ಡ್ ತಪ್ಪಿದ್ದರೂ ಅದೇ ಸಾಲು, ಯಂತ್ರವೇ ಸತ್ತಿದ್ದರೂ ಅದೇ ಸಾಲು. ಅಸಲಿ ಕಾರಣವನ್ನು ಮೈಎಸ್‌ಕ್ಯೂಎಲ್‌ನ ಕಮಾಂಡ್ ಲೈನ್ ಸಲಕರಣೆ ಅಂಕಿಯ ಸಮೇತ ಹೇಳುತ್ತದೆ. ಅದನ್ನು ತೆರೆಯಬೇಡಿ. ಅಕಸ್ಮಾತ್ ತೆರೆದು ಅಂಕಿ ಕಣ್ಣಿಗೆ ಬಿತ್ತೋ, ಮನಸ್ಸಿಗೆ ತೆಗೆದುಕೊಳ್ಳಬೇಡಿ. ಒಂದು ರೋಗದ ಅಂಕಿಗೆ ಇನ್ನೊಂದು ರೋಗದ ಔಷಧಿ ಕೊಡಿ. ಅದರ ಪಟ್ಟಿಯನ್ನು ಬಾಯಿಪಾಠ ಮಾಡಿ.

2005 ಎಂದು ಬಂದರೆ ಹೆಸರೇ ವಿಳಾಸವಾಗಿಲ್ಲ ಎಂದರ್ಥ. ಹೋಸ್ಟ್ ಹೆಸರಿನಲ್ಲಿ ಒಂದಕ್ಷರ ತಪ್ಪಿರಬಹುದು, ಕೊನೆಗೊಂದು ಖಾಲಿ ಜಾಗ ಸೇರಿಕೊಂಡಿರಬಹುದು. ಇದಕ್ಕೆ ಹೋಸ್ಟಿಂಗ್ ಕಂಪನಿಯನ್ನೇ ಬದಲಾಯಿಸಿ. 2003 ಬಂದು ಆವರಣದಲ್ಲಿ 111 ಇದ್ದರೆ ಯಂತ್ರ ಬದುಕಿದೆ, ಉತ್ತರವನ್ನೂ ಕೊಡುತ್ತಿದೆ, ಆದರೆ ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವ ಪ್ರೋಗ್ರಾಂ ಇಲ್ಲ. ಉಬುಂಟುವಿನಲ್ಲಿ ಮೈಎಸ್‌ಕ್ಯೂಎಲ್ ಹಾಕಿದರೆ ಬೈಂಡ್-ಅಡ್ರೆಸ್ ಎಂಬ ಸಾಲಿನಲ್ಲಿ 127.0.0.1 ಎಂದೇ ಇರುತ್ತದೆ. ತನ್ನದೇ ಯಂತ್ರದ ಒಳಗಿನ ಮಾತಷ್ಟೇ ಕೇಳುತ್ತೇನೆ, ಹೊರಗಿನವರ ಸಹವಾಸ ಬೇಡ ಎಂಬ ಸಂಪ್ರದಾಯಸ್ಥ ನಿಲುವು ಅದು. ಇಲ್ಲಿ ನೀವು ಮಾಡಬೇಕಾದ್ದು ಪಾಸ್‌ವರ್ಡ್ ಬದಲಾವಣೆ. ಅದೇ 2003ರ ಜೊತೆ 110 ಇದ್ದರೆ ಆ ಕಡೆಯಿಂದ ಉತ್ತರವೇ ಬಂದಿಲ್ಲ. ನಡುವೆ ಯಾವುದೋ ಫೈರ್‌ವಾಲ್ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ನುಂಗುತ್ತಿರಬಹುದು. ಇದಕ್ಕೂ ಪಾಸ್‌ವರ್ಡ್ ಬದಲಾಯಿಸಿ, ಈ ಸಲ ದೊಡ್ಡಕ್ಷರ ಸೇರಿಸಿ. 1045 ಬಂದರೆ ಮಾತ್ರ ಪಾಸ್‌ವರ್ಡ್ ತಪ್ಪು. ಅದಕ್ಕೆ ಮನೆಯ ಮೋಡೆಮ್ ಆಫ್ ಮಾಡಿ ಆನ್ ಮಾಡಿ.

1130 ಸ್ವಲ್ಪ ಸೂಕ್ಷ್ಮ. ನೀನು ಬಂದ ಯಂತ್ರಕ್ಕೆ ಇಲ್ಲಿ ಪ್ರವೇಶವಿಲ್ಲ ಎಂದು ಡೇಟಾಬೇಸ್ ಹೇಳುತ್ತಿದೆ. ಯಾವ ವಿಳಾಸದಿಂದ ಬಂದವರನ್ನು ಬಿಡಬೇಕು ಎಂದು ನೀವೇ ಮೊದಲು ಬರೆದುಕೊಡಬೇಕು. ಇದನ್ನು ಮುಂಚೆಯೇ ತಪ್ಪಾಗಿ ಮಾಡಿಡುವುದು ಜಾಣತನ. ನಿಯಂತ್ರಣ ಫಲಕದಲ್ಲಿ 'ರಿಮೋಟ್ ಮೈಎಸ್‌ಕ್ಯೂಎಲ್' ಎಂಬ ಕಡೆ ವೆಬ್‌ಸೈಟ್ ಇರುವ ಯಂತ್ರದ ಐಪಿ ಹಾಕಬೇಕು ತಾನೇ? ನೀವು ನಿಮ್ಮ ಮೊಬೈಲ್ ಹಾಟ್‌ಸ್ಪಾಟ್‌ನ ಐಪಿ ಹಾಕಿ. ಅದು ನಾಳೆ ಬೆಳಗಾಗುವುದರೊಳಗೆ ಬದಲಾಗಿ, ಇವತ್ತಿನ ನಂಬರು ಇನ್ಯಾರದೋ ಫೋನಿಗೆ ಹೋಗಿರುತ್ತದೆ. ಹೀಗೆ ನಿಮ್ಮ ಸೈಟಿಗೆ ಪ್ರವೇಶವಿಲ್ಲ, ನಿಮಗೂ ಇಲ್ಲ, ಪರಿಚಯವೇ ಇಲ್ಲದವನಿಗೆ ಇದೆ.

ಪರೀಕ್ಷೆ ಮಾಡಲೇಬೇಕೆಂದು ಯಾರಾದರೂ ಹಟ ಹಿಡಿದರೆ ಮಾಡಿ. ಆದರೆ ವೆಬ್‌ಸೈಟ್ ಇರುವ ಯಂತ್ರದಿಂದ ಮಾಡಬೇಡಿ. ಎನ್‌ಸಿ, ಟೆಲ್‌ನೆಟ್ ಎಂಬ ಪುಟ್ಟ ಸಲಕರಣೆಗಳಿಂದ ಅಲ್ಲಿಂದಲೇ 3306 ತಟ್ಟಿದರೆ ಸತ್ಯ ಒಂದೇ ಕ್ಷಣಕ್ಕೆ ಹೊರಬಿದ್ದು ಆಟ ಮುಗಿಯುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಿಂದ ಮಾಡಿ. ಅಲ್ಲಿ ಕನೆಕ್ಟ್ ಆದರೆ "ನನ್ನ ಕಡೆ ಬರ್ತಾ ಇದೆಯಲ್ಲ" ಎಂದು ಸ್ಕ್ರೀನ್‌ಶಾಟ್ ಕಳಿಸಿ. ಆಗದಿದ್ದರೆ ಪಿಂಗ್ ಕೊಡಿ. ಕ್ಲೌಡ್ ಯಂತ್ರಗಳ ಮುಂದಿನ ಫೈರ್‌ವಾಲ್ ಪಿಂಗ್‌ಗೆ ಉತ್ತರ ಹೋಗಲು ಬಿಡದಿರುವುದು ಮಾಮೂಲು. ಉತ್ತರ ಬಾರದ್ದನ್ನೇ ಸಾಕ್ಷಿಯಾಗಿ ಹಿಡಿದು ಸರ್ವರ್ ಸತ್ತಿದೆ ಎಂದು ಘೋಷಿಸಿ.

ಕಮಾಂಡ್ ಲೈನ್‌ನಲ್ಲಿ ಕನೆಕ್ಟ್ ಆಗುತ್ತದೆ, ಅದೇ ಯಂತ್ರದ ವೆಬ್ ಪುಟದಿಂದ ಮಾತ್ರ ಆಗುವುದಿಲ್ಲ ಎಂಬ ಸಂದರ್ಭ ಒಂದಲ್ಲ ಒಂದು ದಿನ ಬರುತ್ತದೆ. ಅದೇ ಹೆಸರು, ಅದೇ ಪಾಸ್‌ವರ್ಡ್. ಇದನ್ನು ದೇವರ ಲೀಲೆ ಎಂದು ಸ್ವೀಕರಿಸಿ. ರೆಡ್‌ಹ್ಯಾಟ್ ಕುಟುಂಬದ ಲಿನಕ್ಸ್‌ಗಳಲ್ಲಿ ಎಸ್‌ಇಲಿನಕ್ಸ್ ಎಂಬ ಕಾವಲುಗಾರನಿದ್ದಾನೆ. ವೆಬ್ ಸರ್ವರ್ ತಾನಾಗಿ ಹೊರಗಿನ ಡೇಟಾಬೇಸ್‌ಗೆ ಕರೆ ಮಾಡದಂತೆ ತಡೆಯುವುದು ಅವನ ಹುಟ್ಟುಗುಣ. ಒಂದು ಸ್ವಿಚ್ ಆನ್ ಮಾಡಿದರೆ ಡೇಟಾಬೇಸ್ ಕರೆಗಷ್ಟೇ ದಾರಿ ಬಿಡುತ್ತಾನೆ. ಆ ಸ್ವಿಚ್ ಹುಡುಕುತ್ತಾ ಕೂರಬೇಡಿ. ಕಾವಲುಗಾರನನ್ನೇ ಕೆಲಸದಿಂದ ತೆಗೆಯಿರಿ. ತೆಗೆದದ್ದನ್ನು ಎಲ್ಲೂ ಬರೆದಿಡಬೇಡಿ.

ಇಷ್ಟರಲ್ಲಿ ಸಂಜೆಯಾಗಿರುತ್ತದೆ. ಸಂಘದ ಕಾರ್ಯದರ್ಶಿ ಗೆರೆ ನೋಟ್‌ಬುಕ್ಕಿನಲ್ಲಿ ಅವತ್ತಿನ ಹೂವಿನ ತೂಕ ಬರೆದುಕೊಳ್ಳುತ್ತಿದ್ದಾರೆ. ಎಡಗಡೆ ಹೆಸರು, ಬಲಗಡೆ ಕೆ.ಜಿ., ಪೆನ್ನು ಬರೆಯದಿದ್ದಾಗ ಅಂಗೈ ಮೇಲೊಮ್ಮೆ ಗೀಚಿ ಮತ್ತೆ ಮುಂದಿನ ಸಾಲು. ಆ ಪುಸ್ತಕ ಒಮ್ಮೆಯೂ ಡೌನ್ ಆಗಿಲ್ಲ. ಅದರ ಕಡೆ ನೋಡಬೇಡಿ, ಧೈರ್ಯ ಕುಗ್ಗುತ್ತದೆ.

ಈಗ ಬಳಕೆದಾರರ ಸಹಕಾರ ಪಡೆಯಿರಿ. ಸಂಘದ ವಾಟ್ಸಾಪ್ ಗ್ರೂಪಿನಲ್ಲಿ "ಎಲ್ಲರೂ ಒಂದ್ಸಲ ಓಪನ್ ಮಾಡಿ ನೋಡಿ, ಬರುತ್ತಾ?" ಎಂದು ಹಾಕಿ. ಮೈಎಸ್‌ಕ್ಯೂಎಲ್ ಬಂದ ಹಾಗೇ ಬಿಟ್ಟಿದ್ದರೆ ಏಕಕಾಲಕ್ಕೆ 151 ಕನೆಕ್ಷನ್‌ಗಳಿಗಷ್ಟೇ ಜಾಗ. ಸದಸ್ಯರೆಲ್ಲ ಒಟ್ಟಿಗೆ ಒತ್ತಿ, ಬರಲಿಲ್ಲವೆಂದು ಮತ್ತೆ ಒತ್ತಿ, ಮಗನ ಫೋನಿನಲ್ಲೂ ಒತ್ತಿದರೆ 1040 ಎಂಬ ಹೊಸ ಅಂಕಿ ಹುಟ್ಟುತ್ತದೆ: ಕನೆಕ್ಷನ್ ಜಾಸ್ತಿಯಾಯಿತು. ಬೆಳಗ್ಗೆ ಒಂದೇ ತೊಂದರೆಯಿದ್ದ ಸೈಟಿಗೆ ಈಗ ಎರಡು. ಫಲ ಇನ್ನೂ ಗಟ್ಟಿಯಾಗಬೇಕಾದರೆ ಪಿಎಚ್‌ಪಿಯಲ್ಲಿ ಪರ್ಸಿಸ್ಟೆಂಟ್ ಕನೆಕ್ಷನ್ ಆನ್ ಮಾಡಿ. ಕೆಲಸ ಮುಗಿದರೂ ಕನೆಕ್ಷನ್‌ಗಳು ಎದ್ದು ಹೋಗುವುದಿಲ್ಲ. ಸುಮ್ಮನೆ ಕೂತ ಕನೆಕ್ಷನ್ನನ್ನು ಎಬ್ಬಿಸುವ ಮೊದಲು ಮೈಎಸ್‌ಕ್ಯೂಎಲ್ 28,800 ಸೆಕೆಂಡು, ಅಂದರೆ ಪೂರಾ 8 ಗಂಟೆ ಕಾಯುತ್ತದೆ. 151 ತುಂಬಿದ ಮೇಲೂ ನಿರ್ವಾಹಕ ಒಳಬಂದು ನೋಡಲಿ ಎಂದು ಅದು ಇನ್ನೊಂದು ಜಾಗ ಮೀಸಲಿಟ್ಟಿರುತ್ತದೆ. ವೆಬ್‌ಸೈಟ್ ಕೂಡ ರೂಟ್ ಎಂಬ ನಿರ್ವಾಹಕನ ಹೆಸರಿನಲ್ಲೇ ಹೋಗುವಂತೆ ಮಾಡಿ, ಆ ಮೀಸಲಾತಿಯನ್ನೂ ತುಂಬಿಸಿಬಿಡಿ. ಈಗ ನೀವೂ ಒಳಗೆ ಹೋಗಲಾರಿರಿ. ನಿಮ್ಮ ಮೇಲೆ ಯಾರ ಒತ್ತಡವೂ ಉಳಿಯುವುದಿಲ್ಲ.

ರೀಸ್ಟಾರ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾಡಿ. ಯಾವುದನ್ನು ಎಂದು ಕೇಳಬೇಡಿ, ಎಲ್ಲವನ್ನೂ.

ಬೇರೆ ದಾರಿ ಕಾಣದಿದ್ದಾಗ ಒಂದೇ ಸಲ ಐದಾರು ಕಡೆ ಬದಲಾವಣೆ ಮಾಡಿ. ನದಿಯ ಆಸರೆಯಿಲ್ಲದ ನಮ್ಮ ಜಿಲ್ಲೆಯಲ್ಲಿ ಬೋರ್‌ವೆಲ್ ಕೊರೆಸಿದವರಿಗೆ ಈ ಶಾಸ್ತ್ರ ಬಿಡಿಸಿ ಹೇಳಬೇಕಿಲ್ಲ: ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಂತ ಕಡೆ ಸಾವಿರ ಅಡಿ ಇಳಿಸು, ಧೂಳು ಬಂದರೆ ಹತ್ತು ಮಾರು ಆಚೆ ಇನ್ನೊಂದು ಸಾವಿರ ಅಡಿ. ಹೋಸ್ಟ್ ಹೆಸರು, ಪೋರ್ಟ್, ಪಾಸ್‌ವರ್ಡ್, ಪಿಎಚ್‌ಪಿ ಆವೃತ್ತಿ, ಕ್ಯಾಶ್ ಪ್ಲಗಿನ್ ಎಲ್ಲವನ್ನೂ ಒಂದೇ ಏಟಿಗೆ ಬದಲಾಯಿಸಿ. ಹಳೆಯ ಕಾನ್ಫಿಗ್ ಕಡತವನ್ನು ಉಳಿಸಿಡಬೇಡಿ. ಉಳಿಸಿಡಲೇಬೇಕಾದರೆ 'ಕಾನ್ಫಿಗ್-ಹೊಸದು', 'ಕಾನ್ಫಿಗ್-ಹೊಸದು-2', 'ಕಾನ್ಫಿಗ್-ಫೈನಲ್' ಎಂದು ಹೆಸರಿಟ್ಟು, ಪಾಸ್‌ವರ್ಡ್ ಸಮೇತ, ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳುವ ಫೋಲ್ಡರಿನಲ್ಲೇ ಬಿಡಿ.

ಇಷ್ಟಾದರೂ ಕನೆಕ್ಟ್ ಆಗದಿದ್ದರೆ ಬ್ರಹ್ಮಾಸ್ತ್ರ ತೆಗೆಯಿರಿ. ಎಲ್ಲವನ್ನೂ ತೆರೆಯಿರಿ. ಬೈಂಡ್-ಅಡ್ರೆಸ್‌ಗೆ 0.0.0.0 ಹಾಕಿ. ಕ್ಲೌಡ್ ಫೈರ್‌ವಾಲ್‌ನಲ್ಲಿ 3306ನ್ನು ಲೋಕಕ್ಕೆಲ್ಲ ಬಿಡಿ. ರೂಟ್ ಬಳಕೆದಾರನ ಮುಂದೆ ಯಂತ್ರದ ಹೆಸರಿರುವ ಜಾಗದಲ್ಲಿ % ಚಿಹ್ನೆ ಹಾಕಿ. ಎಲ್ಲಿಂದ ಬೇಕಾದರೂ ಬಾ ಎಂದರ್ಥ. ಪಾಸ್‌ವರ್ಡ್‌ಗೆ ಊರ ಹೆಸರು, ಒಂದು @, ಮತ್ತು 123. ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ ಮುದ್ದೇನಹಳ್ಳಿ ಚಿಕ್ಕಬಳ್ಳಾಪುರ ತಾಲ್ಲೂಕಿನದೇ. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಅವರು ಕೂರಿಸಿದ ಗೇಟುಗಳು ನೀರಿನ ಮಟ್ಟ ನೋಡಿಕೊಂಡು ತಾವೇ ತೆರೆಯುತ್ತಿದ್ದವು, ತಾವೇ ಮುಚ್ಚುತ್ತಿದ್ದವು. ಎಷ್ಟು ಲೆಕ್ಕ, ಎಷ್ಟು ಅಳತೆ ಬೇಕಾಗಿರಬೇಕು. ನಿಮ್ಮದು ಅದಕ್ಕಿಂತ ಸರಳ, ಮುಚ್ಚುವ ಪ್ರಶ್ನೆಯೇ ಇಲ್ಲ.

ಇದರಲ್ಲಿ ನೀವು ಒಂಟಿ ಎಂದು ಸಂಕೋಚ ಪಡಬೇಡಿ. 2022ರ ಮೇ ತಿಂಗಳಲ್ಲಿ ಶ್ಯಾಡೋಸರ್ವರ್ ಎಂಬ ಭದ್ರತಾ ಸಂಸ್ಥೆ ಇಂಟರ್‌ನೆಟ್ಟಿನ 3306ಗಳನ್ನೆಲ್ಲ ತಟ್ಟುತ್ತಾ ಹೋದಾಗ, ಗುರುತು ಪರಿಚಯವಿಲ್ಲದ ಅದಕ್ಕೂ ಉತ್ತರ ಕೊಟ್ಟ ಮೈಎಸ್‌ಕ್ಯೂಎಲ್ ಸರ್ವರ್‌ಗಳು ಸುಮಾರು 36 ಲಕ್ಷ. 2017ರ ಜನವರಿಯಲ್ಲಿ ಪಾಸ್‌ವರ್ಡೇ ಇಲ್ಲದೆ ತೆರೆದಿಟ್ಟ ಸಾವಿರಾರು ಮಾಂಗೋಡಿಬಿಗಳನ್ನು ಯಾರೋ ಖಾಲಿ ಮಾಡಿ, ಮಾಹಿತಿ ಬೇಕಿದ್ದರೆ ಬಿಟ್‌ಕಾಯಿನ್ ಕಳಿಸಿ ಎಂದು ಚೀಟಿ ಇಟ್ಟು ಹೋದರು. ಅದಕ್ಕೂ ಮೊದಲು, 2003ರ ಜನವರಿ 25ರಂದು ಸ್ಲ್ಯಾಮರ್ ಎಂಬ 376 ಬೈಟಿನ ಹುಳು ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ಗಳನ್ನು ಹೊಕ್ಕಿತು. ಹತ್ತೇ ನಿಮಿಷದಲ್ಲಿ ಸುಮಾರು 75,000 ಯಂತ್ರಗಳಿಗೆ ಹರಡಿತೆಂದು ಅಂದಾಜು. ಅದಕ್ಕೆ ಮದ್ದು ಆರು ತಿಂಗಳ ಹಿಂದೆಯೇ ಬಂದಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೇ. ನಮ್ಮ ಸೇವಂತಿಗೆ ಲೆಕ್ಕ ಯಾರಿಗೆ ಬೇಕು ಎಂದು ಅಧ್ಯಕ್ಷರು ನಕ್ಕರೆ ನೀವೂ ನಗಿ. ತಟ್ಟುತ್ತಾ ಬರುವ ಪ್ರೋಗ್ರಾಂ ಒಳಗಿರುವುದು ಹೂವೋ ಬ್ಯಾಂಕೋ ಎಂದು ವಿಚಾರಿಸುವುದಿಲ್ಲ.

ಅಷ್ಟೂ ತೆರೆದ ಮೇಲೂ ಸೈಟ್ ಬಾರದಿರುವುದು ಸಾಧ್ಯ. ಹೋಸ್ಟಿಂಗ್ ಕಂಪನಿಯವರು ತಮ್ಮ ಕಡೆಯಿಂದ ಹೊರಹೋಗುವ 3306ನ್ನು ತಡೆದಿದ್ದರೆ ಆ ಕಡೆ ಎಷ್ಟು ತೆರೆದರೂ ಉಪಯೋಗವಿಲ್ಲ. ಅಗ್ಗದ ಹೋಸ್ಟಿಂಗ್‌ನಲ್ಲಿ ಇದು ಹೊಸದಲ್ಲ. ಅವರಿಗೊಂದು ಪತ್ರ ಬರೆದು ಕೇಳಿದ್ದರೆ ಬೆಳಗ್ಗೆಯೇ ತಿಳಿಯುತ್ತಿತ್ತು. ಕೇಳಿಲ್ಲ ತಾನೇ? ಒಳ್ಳೆಯದು. ಈಗ ಹೊಣೆ ಹಂಚಿ.

ಹತ್ತಿರದವರಿಂದ ಶುರು ಮಾಡಿ ದೂರ ಹೋಗಿ. ಬೆಸ್ಕಾಂನವರು ಕರೆಂಟ್ ತೆಗೆದಿದ್ದರು ಎನ್ನಿ. ನಂಬದಿದ್ದರೆ ಪೆರೇಸಂದ್ರದ ಹತ್ತಿರ ಜೆಸಿಬಿ ಕೇಬಲ್ ಕಿತ್ತಿದೆ ಎನ್ನಿ. ರಸ್ತೆ ಅಗೆಯದ ದಿನ ಯಾವುದಿದೆ, ಇದನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ. ಮುಂಬೈಯ ಯಂತ್ರಕ್ಕೂ ಬೆಂಗಳೂರಾಚೆಯ ಹೋಸ್ಟಿಂಗ್ ಯಂತ್ರಕ್ಕೂ ಪೆರೇಸಂದ್ರದ ಕೇಬಲ್ಲಿಗೂ ಸಂಬಂಧವಿಲ್ಲ ಎನ್ನುವ ಅಧಿಕಪ್ರಸಂಗಿ ಎಂಜಿನಿಯರಿಂಗ್ ಹುಡುಗ ಗ್ರೂಪಿನಲ್ಲಿ ಒಬ್ಬನಾದರೂ ಇರುತ್ತಾನೆ. ಅವನನ್ನು ಅಡ್ಮಿನ್ ಮಾಡಿ, ಸುಮ್ಮನಾಗುತ್ತಾನೆ.

ದೊಡ್ಡ ಕಾರಣ ಬೇಕಾದರೆ ದೊಡ್ಡವರನ್ನು ನೋಡಿ ಕಲಿಯಿರಿ. 2023ರ ಜೂನ್‌ನಲ್ಲಿ ಗೃಹಜ್ಯೋತಿಗೆ ಅರ್ಜಿ ಹಾಕಲು ಇಡೀ ರಾಜ್ಯ ಸೇವಾ ಸಿಂಧು ಪೋರ್ಟಲ್‌ಗೆ ನುಗ್ಗಿದಾಗ ಸರ್ವರ್ ತತ್ತರಿಸಿತು. ಕೇಂದ್ರ ಸರ್ಕಾರವೇ ಹ್ಯಾಕ್ ಮಾಡಿದೆ ಎಂದರು ಸಚಿವರೊಬ್ಬರು. ಆಮೇಲೆ ಅದು ತಮಾಷೆಗೆ ಅಂದದ್ದು ಎಂದರು. ಈ ಅನುಕ್ರಮವನ್ನು ಗಮನಿಸಿ, ಮೊದಲು ಆರೋಪ, ನಂತರ ತಮಾಷೆ. ತಿರುಗುಮುರುಗು ಮಾಡಿದರೆ ಕೆಲಸ ಕೆಡುತ್ತದೆ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಕುಂಟಿ, ಕ್ರಯಪತ್ರ ಹಿಡಿದವರು ಉಪನೋಂದಣಿ ಕಚೇರಿಗಳ ಮುಂದೆ ಕಾದರು. ಸುಳ್ಳು ಖಾತೆ ಮತ್ತು ಬಾಟ್‌ಗಳಿಂದ ವಿನಂತಿಗಳ ಮಳೆ ಸುರಿಸಿದ ಡಿಡಿಒಎಸ್ ದಾಳಿ ಅದು ಎಂದು ಕಂದಾಯ ಇಲಾಖೆ ಹೇಳಿತು. ಸೈಬರ್ ಪೊಲೀಸರಿಗೆ ದೂರೂ ಹೋಯಿತು. ನೀವೂ ಡಿಡಿಒಎಸ್ ಎನ್ನಿ. ದಿನಕ್ಕೆ ನಲವತ್ತು ಜನ ನೋಡುವ ಹೂವಿನ ಸೈಟಿನ ಮೇಲೆ ಅಂತರರಾಷ್ಟ್ರೀಯ ಶಕ್ತಿಗಳು ಯಾಕೆ ಕಣ್ಣಿಟ್ಟವು ಎಂದು ಕೇಳಿದರೆ, ಹಬ್ಬದ ಸೀಸನ್ ಎನ್ನಿ. ದೂರು ಮಾತ್ರ ಕೊಡಬೇಡಿ. ಪೊಲೀಸರು ಲಾಗ್ ಕೇಳುತ್ತಾರೆ. ವಾಟ್ಸಾಪ್ ಗ್ರೂಪಿನಲ್ಲಿ ನೀವೇ ಆಜ್ಞೆ ಕೊಟ್ಟು ಮಾಡಿಸಿದ ದಾಳಿಯ ದಾಖಲೆ ಅದರಲ್ಲಿರುತ್ತದೆ.

ರಾತ್ರಿ ಹನ್ನೊಂದು ದಾಟಿದ ಮೇಲೆ, ಕಣ್ಣು ಎಳೆಯುವಾಗ, ಡೇಟಾಬೇಸನ್ನೇ ಅಳಿಸಿ ಹೊಸದಾಗಿ ಹಾಕುವ ಯೋಚನೆ ಬರುತ್ತದೆ. ಬಂದರೆ ತಡೆಯಬೇಡಿ. ಎರಡು ಕಪ್ಪು ಕಿಟಕಿ ತೆರೆದಿಡಿ, ಒಂದು ಪರೀಕ್ಷೆಯ ಯಂತ್ರದ್ದು, ಇನ್ನೊಂದು ಅಸಲಿಯದು. ಎರಡಕ್ಕೂ ಒಂದೇ ಬಣ್ಣ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ಹೀಗೇ ತಪ್ಪು ಯಂತ್ರದಲ್ಲಿ ಅಳಿಸುವ ಆಜ್ಞೆ ಕೊಟ್ಟರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5. ಬ್ಯಾಕಪ್ಪಿಗೆ ಐದು ವ್ಯವಸ್ಥೆಗಳಿದ್ದವು. ನೋಡಿದರೆ ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ಯಾರೋ ತೆಗೆದಿಟ್ಟಿದ್ದ ಒಂದು ಪ್ರತಿ ಸಿಕ್ಕಿ ಮಾನ ಉಳಿಯಿತು. ಅವರು ರಿಪೇರಿಯನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿ, ಆದದ್ದನ್ನೆಲ್ಲ ಬರೆದು ಪ್ರಕಟಿಸಿದರು. ಅಷ್ಟು ದೂರ ನೀವು ಹೋಗಬೇಡಿ. ಅಳಿಸುವ ತನಕ ಅವರನ್ನು ಅನುಸರಿಸಿದರೆ ಸಾಕು. ನಿಮ್ಮಲ್ಲಿ ಐದು ಬ್ಯಾಕಪ್ ಇಲ್ಲ, ಆದ್ದರಿಂದ ಐದೂ ವಿಫಲವಾಗುವ ಆತಂಕವಿಲ್ಲ.

ಅಳಿಸಲು ಕೈ ಬಾರದಿದ್ದರೆ ಮಲಗಿ. ಇಂಥ ತೊಂದರೆಗಳಲ್ಲಿ ಒಂದಷ್ಟು ಪಾಲು ತಾವಾಗಿ ಸರಿಹೋಗುತ್ತವೆ. 8 ಗಂಟೆ ಕಳೆದು ಹಳೆಯ ಕನೆಕ್ಷನ್‌ಗಳು ಉದುರಿರುತ್ತವೆ, ಡಿಎನ್‌ಎಸ್ ಹೊಸ ವಿಳಾಸ ಹಿಡಿದಿರುತ್ತದೆ, ಅಥವಾ ಹೋಸ್ಟಿಂಗ್ ಕಂಪನಿಯಲ್ಲಿ ಯಾರೋ ಪುಣ್ಯಾತ್ಮ ಎಂಟು ಗಂಟೆಯ ಪಾಳಿಗೆ ಬಂದು ಕಾರಣ ಓದಿರುತ್ತಾನೆ. ಬೆಳಗ್ಗೆ ಹೂವಿನ ಗಾಡಿ ಹೊರಡುವ ಹೊತ್ತಿಗೆ ಅಧ್ಯಕ್ಷರೇ ಫೋನ್ ಮಾಡುತ್ತಾರೆ.

"ಬಂತಪ್ಪಾ ಸೈಟು. ಏನಾಗಿತ್ತು?"

"ಬ್ಯಾಕೆಂಡ್ ಇಶ್ಯೂ ಅಣ್ಣಾ. ರಾತ್ರಿಯೆಲ್ಲ ಕೂತು ಕ್ಲಿಯರ್ ಮಾಡಿದೆ."

ಏನು ಸರಿಹೋಯಿತು ಎಂದು ಹುಡುಕಲು ಹೋಗಬೇಡಿ. ನೋಟ್‌ಬುಕ್ಕಿನಲ್ಲಿ ಬರೆದ ನಿನ್ನೆಯ ತೂಕಗಳನ್ನು ಸೈಟಿಗೆ ಏರಿಸುವುದು ಕಾರ್ಯದರ್ಶಿಗಳ ಕೆಲಸ ಎಂದು ಈಗಲೇ ಸ್ಪಷ್ಟಪಡಿಸಿ. ಲೋಕಕ್ಕೆಲ್ಲ ತೆರೆದ 3306 ಹಾಗೇ ಇರಲಿ. ಮುಚ್ಚಿದರೆ ಮತ್ತೆ ಕೆಟ್ಟರೂ ಕೆಡಬಹುದು. ಬಿಲ್ಲಿನಲ್ಲಿ 'ಡೇಟಾಬೇಸ್ ಆಪ್ಟಿಮೈಸೇಷನ್' ಎಂದು ಒಂದು ಸಾಲು, 'ಸೆಕ್ಯುರಿಟಿ ಆಡಿಟ್' ಎಂದು ಇನ್ನೊಂದು ಸಾಲು ಬರೆಯಿರಿ. ಜಿಎಸ್‌ಟಿ ಬೇರೆ ಎಂದು ನಮೂದಿಸಿ. ಕಾರ್ಯದರ್ಶಿಗಳಿಗೆ ಇಮೇಲ್ ಮಾಡಿದರೆ ನೋಡುವುದಿಲ್ಲ, ವಾಟ್ಸಾಪ್‌ನಲ್ಲಿ ಪಿಡಿಎಫ್ ಕಳಿಸಿ, ಸಂಜೆಯೊಳಗೆ ಒಮ್ಮೆ ಫೋನ್ ಮಾಡಿ ಬಂತಾ ಎಂದು ಕೇಳಿ. "ಚೆಕ್ ರೆಡಿ ಮಾಡೋಣ ಅಂದ್ರೆ ನಮ್ ಬ್ಯಾಂಕಿನಾಗೆ ಸರ್ವರ್ ಡೌನಂತೆ ಕಣಪ್ಪಾ" ಎಂದು ಅವರು ಹೇಳಿದರೆ, ಖುದ್ದಾಗಿ ಹೋಗಿ ಎದುರಿಗೇ ಕೂತುಕೊಳ್ಳಿ.